ಕ್ರಮ ಕೈಗೊಳ್ಳಲಾಗಿದೆ ಅಂದ್ರೆ ಏನು ಕ್ರಮ ಅಂತ ಸ್ವಲ್ಪ ಬಿಡಿಸಿ ಹೇಳಿ

ಸಂಪಾದಕರಿಗೆ ನಮಸ್ಕಾರ,

ಅಣು ವಿದ್ಯುತ್ ಸ್ಥಾವರದ ಸುದ್ದಿ ಪೇಪರಲ್ಲಿ ಏನೇ ಬಂದ್ರೂ ನಾನು ಕೊನೇ ಪ್ಯಾರಾದಿಂದ ಓದೋಕೆ ಶುರು ಮಾಡ್ತೀನಿ. ಅಲ್ಲಿ ಒಂದು ಸಾಲು ಇದ್ದೇ ಇರತ್ತೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ, ಸಾರ್ವಜನಿಕರು ಆತಂಕ ಪಡುವ ಅಗತ್ಯವಿಲ್ಲ ಅಂತ. ಕೈಗೊಳ್ಳಲಾಗಿದೆ ಅಂದ್ರೆ ಯಾರು ಕೈಗೊಂಡ್ರು, ಏನು ಮಾಡಿದ್ರು, ಮಾಡಿದ್ದು ಕೆಲಸ ಮಾಡ್ತಾ ಇದೆಯಾ ಅಂತ ಆಮೇಲೆ ಯಾರು ಹೋಗಿ ನೋಡಿದ್ರು? ಯಾರೂ ಕೇಳಲ್ಲ. ನಿಮ್ಮ ವರದಿಗಾರರೂ ಕೇಳಲ್ಲ, ಬೇಜಾರು ಮಾಡ್ಕೋಬೇಡಿ.

ನನಗೆ ಈ ಸಾಲು ಕಣ್ಣಿಗೆ ಚುಚ್ಚೋದು ಯಾಕಂದ್ರೆ ಇದನ್ನ ನಾನೇ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ. ಪೀಣ್ಯದ ಒಂದು ಶೀಟ್ ಮೆಟಲ್ ಫ್ಯಾಕ್ಟರೀಲಿ ಇಪ್ಪತ್ತಾರು ವರ್ಷ ಕ್ವಾಲಿಟಿ ಸೆಕ್ಷನ್ನಲ್ಲಿ ಇದ್ದು ರಿಟೈರ್ ಆದೋನು ನಾನು, ಫ್ಯಾಕ್ಟರಿ ಹೆಸರು ಬೇಡ ಬಿಡಿ. ನಮ್ಮಲ್ಲಿ ತಪ್ಪು ಸಿಕ್ಕಿದ್ರೆ ಅದಕ್ಕೆ ಎನ್‌ಸಿ ಅಂತಾರೆ. ಕಸ್ಟಮರ್ ಕಡೆಯಿಂದ ಆಡಿಟರ್ ಬಂದು ಎನ್‌ಸಿ ಹಾಕಿ ಹೋದ್ರೆ ಇಷ್ಟು ದಿನದೊಳಗೆ ಕ್ಲೋಸ್ ಮಾಡ್ಬೇಕು ಅಂತ ರೂಲ್. ಫಾರಂನಲ್ಲಿ ಕಾಲಂ ಇರತ್ತೆ, ಕಾರಣ ಏನು, ಏನು ಸರಿ ಮಾಡಿದ್ರಿ, ಮತ್ತೆ ಆಗದ ಹಾಗೆ ಏನು ಮಾಡಿದ್ರಿ ಅಂತ. ಮುಕ್ಕಾಲು ಪಾಲು ಫಾರಂನಲ್ಲಿ ನಾವು ಬರೀತಿದ್ದಿದ್ದು ಒಂದೇ ಮಂತ್ರ. ಕಾರಣ, ಆಪರೇಟರ್ ಅಜಾಗರೂಕತೆ. ಸರಿ ಮಾಡಿದ್ದು, ಆಪರೇಟರ್‌ಗೆ ತಿಳಿ ಹೇಳಲಾಗಿದೆ. ಮುಂದಕ್ಕೆ, ಟ್ರೈನಿಂಗ್ ಕೊಡಲಾಗಿದೆ. ಕೆಳಗೆ ಒಂದು ಅಟೆಂಡೆನ್ಸ್ ಶೀಟ್ ಜೆರಾಕ್ಸ್ ಪಿನ್ ಮಾಡಿದ್ರೆ ಆಯ್ತು, ಎನ್‌ಸಿ ಕ್ಲೋಸ್, ಎಲ್ಲರಿಗೂ ಟೀ.

ಒಂದು ಘಟನೆ ಹೇಳ್ತೀನಿ, ಇದಕ್ಕೂ ಅಣು ಸ್ಥಾವರಕ್ಕೂ ಏನು ಸಂಬಂಧ ಅಂತ ಆಮೇಲೆ ಬರ್ತೀನಿ. ಪವರ್ ಪ್ರೆಸ್ ಅಂತ ಇರತ್ತಲ್ಲ, ತಗಡು ಇಟ್ಟು ಒತ್ತೋ ಮೆಷಿನ್ನು, ಅದಕ್ಕೆ ಎರಡು ಬಟನ್ನು, ಎರಡೂ ಕೈಲಿ ಒಟ್ಟಿಗೆ ಒತ್ತಿದ್ರೆ ಮಾತ್ರ ಮೇಲಿಂದ ಡೈ, ಅಂದ್ರೆ ತಗಡು ಒತ್ತೋ ಅಚ್ಚು, ಇಳಿಯತ್ತೆ, ಕೈ ಎರಡೂ ಬಟನ್ ಮೇಲಿದ್ರೆ ಡೈ ಕೆಳಗೆ ಹೋಗಕ್ಕೆ ಮೂರನೇ ಕೈ ಇಲ್ಲ ಅನ್ನೋದು ಅದರ ಲೆಕ್ಕಾಚಾರ. ಒಂದು ನೈಟ್ ಶಿಫ್ಟಲ್ಲಿ ರೌಂಡ್ ಹೋದಾಗ ನೋಡ್ತೀನಿ, ಎಡಗಡೆ ಬಟನ್ನಿಗೆ ಸೈಕಲ್ ಟ್ಯೂಬ್ ತುಂಡು ಸುತ್ತಿ ಬಿಗಿಯಾಗಿ ಕಟ್ಟಿದಾರೆ, ಬಟನ್ ಒಳಗೆ ಹೋಗಿ ಕೂತುಬಿಟ್ಟಿದೆ, ಹುಡುಗ ಬಲಗೈಲಿ ಒತ್ತುತ್ತಾ ಎಡಗೈಲಿ ತಗಡು ಸರಿಸ್ತಾ ಇದಾನೆ, ಒಳ್ಳೆ ರೊಟ್ಟಿ ತಟ್ಟೋ ಸ್ಪೀಡಲ್ಲಿ. ಎನ್‌ಸಿ ಹಾಕ್ದೆ. ಟ್ಯೂಬ್ ಕಿತ್ತಾಕಿದ್ರು, ಹುಡುಗನಿಗೆ ಬೈದ್ರು, ಟ್ರೈನಿಂಗ್ ಅಂತ ಬರ್ದು ಕ್ಲೋಸ್ ಮಾಡಿದ್ರು, ಸೈನ್ ನಂದೇ. ಮೂರು ತಿಂಗಳಿಗೆ ಟ್ಯೂಬ್ ವಾಪಸ್ ಬಂದಿತ್ತು. ಆ ವರ್ಷ ದಸರಾ ಪೂಜೆಗೆ ಹದಿನೈದು ದಿನ ಮುಂಚೆ ಆ ಮೆಷಿನಲ್ಲಿ ಬೇರೆ ಹುಡುಗನಿಗೆ ಎರಡು ಬೆರಳ ತುದಿ ಹೋಯ್ತು.

ಆಮೇಲೆ ಕೂತು ನಿಜವಾದ ಕಾರಣ ಹುಡುಕಿದ್ರೆ ಏನಿತ್ತು ಗೊತ್ತಾ, ಶಿಫ್ಟಿಗೆ ಇಷ್ಟು ಪೀಸ್ ಅಂತ ಇದ್ದ ಟಾರ್ಗೆಟ್ಟು. ಎರಡೂ ಕೈಲಿ ಬಟನ್ ಒತ್ತಿ ಕೆಲಸ ಮಾಡಿದ್ರೆ ಅಷ್ಟು ಪೀಸ್ ಬರೋ ಮಾತೇ ಇಲ್ಲ, ಬರದಿದ್ರೆ ಇನ್ಸೆಂಟಿವ್ ಇಲ್ಲ. ಅಂದ್ರೆ ಟ್ಯೂಬ್ ಕಟ್ಟಿದ್ದು ಹುಡುಗ ಅಲ್ಲ, ಆಫೀಸಲ್ಲಿ ಎಸಿ ಕೆಳಗೆ ಕೂತು ಟಾರ್ಗೆಟ್ ಬರ್ದೋರು. ಕೊನೆಗೆ ಟಾರ್ಗೆಟ್ ಇಳಿಸಿದ್ರು, ಮತ್ತೆ ಪ್ರತಿ ಸಲ ಎರಡೂ ಬಟನ್ ಬಿಟ್ಟು ಮತ್ತೆ ಒಟ್ಟಿಗೆ ಒತ್ತಿದ್ರೆ ಮಾತ್ರ ಓಡೋ ರಿಲೇ ಹಾಕಿಸಿದ್ರು, ಒಂದು ಬಟನ್ ಕಟ್ಟಿಟ್ರೆ ಮೆಷಿನ್ ಸುಮ್ನೆ ನಿಂತ್ಕೊಳತ್ತೆ. ಅದಾದ ಮೇಲೆ ಟ್ಯೂಬ್ ಕಂಡಿಲ್ಲ. ಮೊದಲ್ನೇ ಸಲ ಇದನ್ನೇ ಮಾಡಿದ್ರೆ ಆ ಹುಡುಗನ ಬೆರಳು ಇರ್ತಿತ್ತು ಅನ್ನೋದು ನನಗೆ ಈಗ್ಲೂ ರಾತ್ರಿ ಹೊತ್ತು ಜ್ಞಾಪಕಕ್ಕೆ ಬರತ್ತೆ, ಅದು ಬೇರೆ ವಿಷ್ಯ.

ಈಗ ಅಣು ಸ್ಥಾವರಕ್ಕೆ ಬರೋಣ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಡೇವಿಸ್ ಬೆಸ್ಸೆ ಅಂತ ಒಂದು ಸ್ಥಾವರ ಇದೆ. ರಿಯಾಕ್ಟರಿನ ನೀರಲ್ಲಿ ಬೋರಿಕ್ ಆಸಿಡ್ ಬೆರೆಸಿರ್ತಾರೆ, ಆ ನೀರು ರಿಯಾಕ್ಟರಿನ ಉಕ್ಕಿನ ಮುಚ್ಚಳದಲ್ಲಿರೋ ಒಂದು ಕೊಳವೆ ಬಿರುಕಲ್ಲಿ ಸಣ್ಣಗೆ ಜಿನುಗ್ತಾ ಇತ್ತು. ಒಳಗಿನ ಗಾಳೀಲಿ ವಿಕಿರಣ ಅಳೆಯೋ ಯಂತ್ರಕ್ಕೆ ಫಿಲ್ಟರ್ ಇರತ್ತಲ್ಲ, ಅದು ಬೋರಿಕ್ ಆಸಿಡ್ಡು, ತುಕ್ಕಿನ ಪುಡಿ ತುಂಬಿ ಪದೇ ಪದೇ ಕಟ್ಕೊಳಕ್ಕೆ ಶುರು ಆಯ್ತು. ಅವ್ರು ಏನು ಮಾಡಿದ್ರು ಅಂದ್ರೆ ದಿನ ಬಿಟ್ಟು ದಿನ ಫಿಲ್ಟರ್ ಬದಲಾಯ್ಸಿದ್ರು! ತಿಂಗಳುಗಟ್ಲೆ! ನಮ್ಮನೇಲಿ ಗೋಡೆ ತೇವ ಬಂದ್ರೆ ಪೈಪ್ ನೋಡದೆ ವರ್ಷಾ ವರ್ಷಾ ಪೇಂಟ್ ಹೊಡೀತೀವಲ್ಲ ಹಾಗೇ. ಈ ಥರ ಕೊಳವೆಗಳಲ್ಲಿ ಬಿರುಕು ಬರ್ತಾ ಇದೆ, ಎಲ್ಲರೂ 2001ರ ಡಿಸೆಂಬರ್ 31ರೊಳಗೆ ಚೆಕ್ ಮಾಡಿ ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿ ಹೇಳಿತ್ತು, ಆದ್ರೆ ಕಂಪನಿ ಟೈಮ್ ಕೇಳ್ತು, ಎನ್‌ಆರ್‌ಸಿಯೋರು 2002ರ ಫೆಬ್ರವರಿ 16ರ ತನಕ ಕೊಟ್ರು. ಆಮೇಲೆ ನಿಲ್ಲಿಸಿ ನೋಡಿದ್ರೆ ಆಸಿಡ್ ಮುಚ್ಚಳದ ಅಷ್ಟು ದಪ್ಪ ಉಕ್ಕನ್ನ, ಆರು ಇಂಚಿಗೂ ಮೇಲೆ ಇತ್ತು ಅದು, ಪೂರ್ತಿ ತಿಂದು ಹಾಕಿ ಫುಟ್‌ಬಾಲ್ ಗಾತ್ರದ ಗುಳಿ ಮಾಡಿತ್ತು. ಒಳಗೆ 150 ಪಟ್ಟು ವಾತಾವರಣದ ಒತ್ತಡ, ಅದನ್ನ ಹಿಡಿದಿದ್ದಿದ್ದು ಒಂದು ಸೆಂಟಿಮೀಟರೂ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಲೈನಿಂಗು ಮಾತ್ರ.

ಅಲ್ಲಿ ನಡೆದ ಸರಿಪಡಿಸೋ ಕೆಲಸ ನೋಡಿ. ಎರಡು ವರ್ಷ ಸ್ಥಾವರ ಬಂದ್, 2004ರ ಮಾರ್ಚಲ್ಲಿ ಮತ್ತೆ ಶುರು. ಮುಚ್ಚಳ ಬದಲಾಯ್ಸಿದ್ದು ಅದರಲ್ಲಿ ಸುಲಭದ ಭಾಗ, ಪ್ರೊಡಕ್ಷನ್ ನಿಲ್ಲಬಾರದು ಅನ್ನೋದು ಸೇಫ್ಟಿಗಿಂತ ಮುಂದೆ ಹೋಗಿದ್ದು ಯಾಕೆ ಅಂತ ಮ್ಯಾನೇಜ್‌ಮೆಂಟನ್ನೇ ಕೂರ್ಸಿ ಕೇಳಿದ್ರು, ಪ್ರತ್ಯೇಕ ಕಮಿಟಿ ಹಾಕಿ ಅದು ಊರವರ ಮುಂದೆ ಮೀಟಿಂಗ್ ಮಾಡ್ತು. 2005ರಲ್ಲಿ 54.5 ಲಕ್ಷ ಡಾಲರ್ ದಂಡ, ಮುಂದಿನ ವರ್ಷ ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಸರ್ಕಾರಿ ಕೇಸಲ್ಲಿ 2.8 ಕೋಟಿ ಡಾಲರ್. ಅಮೆರಿಕದೋರು ದೇವ್ರು ಅಂತ ನಾನು ಹೇಳ್ತಿಲ್ಲ, ಟೈಮ್ ಕೊಟ್ಟಿದ್ದು ಅವ್ರೇ. ಆದ್ರೆ ಇದೆಲ್ಲಾ ಪೀಣ್ಯದಲ್ಲಿ ರಿಟೈರ್ ಆಗಿ ರಾಜಾಜಿನಗರದಲ್ಲಿ ಕೂತಿರೋ ನನಗೆ ಗೊತ್ತಾಗಿದ್ದು ಹೇಗೆ? ಅವ್ರು ಬರ್ದು ಎಲ್ಲರಿಗೂ ಕಾಣೋ ಹಾಗೆ ಇಟ್ಟಿದಾರೆ ಅದಕ್ಕೆ.

ನಮ್ಮ ಕೈಗಾ ತಗೊಳ್ಳಿ. ಕಾರವಾರ ತಾಲ್ಲೂಕು, ಕಾಳಿ ನದಿ ದಂಡೆ, 220 ಮೆಗಾವಾಟಿನ ನಾಲ್ಕು ಘಟಕ. ಮೊದಲು ಒಳ್ಳೇದು ಹೇಳ್ಬಿಡ್ತೀನಿ, ಇಲ್ಲಾಂದ್ರೆ ನನ್ನನ್ನ ಅಭಿವೃದ್ಧಿ ವಿರೋಧಿ ಅಂತೀರ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ 962 ದಿನ ಒಂದೇ ಸಮ ಓಡಿ ವಿಶ್ವದಾಖಲೆ ಮಾಡ್ತು, ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನದ ರೆಕಾರ್ಡು ಮುರೀತು. ಮೆಷಿನ್ ಜೊತೆ ಹೆಣಗಿದೋನಿಗೆ ಅದರ ಬೆಲೆ ಗೊತ್ತಿರತ್ತೆ, ನನಗೆ ನಿಜವಾಗ್ಲೂ ಹೆಮ್ಮೆ ಆಯ್ತು. ಇನ್ನೊಂದು ಮಜಾ ಗೊತ್ತಾ, ಸರಿಯಾಗಿ 22 ವರ್ಷ ಮುಂಚೆ ಅದೇ ಮೇ 13ನೇ ತಾರೀಕು, 1994ರಲ್ಲಿ, ಕಟ್ತಾ ಇದ್ದ ಅದೇ ಒಂದನೇ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟ ಕಳಚಿ ಬಿದ್ದಿತ್ತು, 130 ಟನ್ ಕಾಂಕ್ರೀಟು. ರಿಯಾಕ್ಟರ್ ಇನ್ನೂ ಶುರು ಆಗಿರ್ಲಿಲ್ಲ ಅದಕ್ಕೆ ನಾವೆಲ್ಲಾ ಬಚಾವು, ಆದ್ರೆ ಕೆಳಗಿದ್ದ ಕೆಲಸಗಾರರಿಗೆ ಗಾಯ ಆಯ್ತು.

ಆ ಗುಮ್ಮಟದ ವಿಷ್ಯದಲ್ಲಿ ಒಂದು ಕೆಲಸ ಸರಿಯಾಗಿ ಆಯ್ತು ಅದನ್ನೂ ಹೇಳ್ಬೇಕು. ಬಿದ್ದಿದ್ದು ಕೈಗಾದಲ್ಲಿ, ಆದ್ರೆ ಅಣುಶಕ್ತಿ ನಿಯಂತ್ರಣ ಮಂಡಳಿ, ಅದೇ ಎಇಆರ್‌ಬಿ ಅಂತಾರಲ್ಲ, ರಾಜಸ್ಥಾನದ ರಾವತ್‌ಭಾಟಾದಲ್ಲಿ ಅದೇ ಥರ ಕಟ್ತಾ ಇದ್ದ ಘಟಕಗಳ ಕೆಲಸವನ್ನೂ ನಿಲ್ಲಿಸ್ತು. ಡಿಸೈನ್ ಬದಲಾಯ್ಸಿ ಮತ್ತೆ ಕಟ್ಟಿ ಕೈಗಾ ಒಂದನೇ ಘಟಕ ಕರೆಂಟ್ ಕೊಡೋ ಹೊತ್ತಿಗೆ 2000ನೇ ಇಸವಿ ಆಗಿತ್ತು. ಇದಕ್ಕೆ ನಮ್ಮ ಭಾಷೇಲಿ ಹಾರಿಜಾಂಟಲ್ ಡಿಪ್ಲಾಯ್‌ಮೆಂಟ್ ಅಂತಾರೆ, ದೊಡ್ಡ ಹೆಸರು ಅಷ್ಟೆ, ಅರ್ಥ ಇಷ್ಟೇ, ಒಂದು ಮೆಷಿನಲ್ಲಿ ಟ್ಯೂಬ್ ಸಿಕ್ಕಿದ್ರೆ ಸಾಲಲ್ಲಿರೋ ಬಾಕಿ ಮೆಷಿನ್ನುಗಳ ಬಟನ್ನೂ ಹೋಗಿ ನೋಡು ಅಂತ.

ಅದು ಆಗದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ನಮ್ಮ ನರೋರಾ ಅಣು ಸ್ಥಾವರ ಇದೆ, ಆದ್ರೆ ಅದರ ಕತೆ ಶುರು ಆಗೋದು ಅಮೆರಿಕದಲ್ಲಿ. 1975ರ ಮಾರ್ಚ್ 22, ಅಮೆರಿಕದ ಅಲಬಾಮಾದಲ್ಲಿ ಬ್ರೌನ್ಸ್ ಫೆರಿ ಸ್ಥಾವರ. ಕೇಬಲ್ ಹಾಯೋ ಗೋಡೆ ತೂತಲ್ಲಿ ಗಾಳಿ ಲೀಕ್ ಆಗ್ತಿದೆಯಾ ಅಂತ ನೋಡಕ್ಕೆ ಒಬ್ಬ ಕೆಲಸಗಾರ ಮೇಣದಬತ್ತಿ ಹಿಡಿದ. ಹೌದು, ಅಣು ಸ್ಥಾವರದಲ್ಲಿ ಮೇಣದಬತ್ತಿ. ತೂತಿಗೆ ತುಂಬಿದ್ದ ಫೋಮ್ ಹತ್ಕೊಂಡು 1,600ಕ್ಕೂ ಹೆಚ್ಚು ಕೇಬಲ್ ಹಾಳಾದ್ವು, ಮೇನ್ ಕೇಬಲ್ಲೂ ಅದು ಕೈಕೊಟ್ರೆ ಇರ್ಲಿ ಅಂತ ಇದ್ದ ಕೇಬಲ್ಲೂ ಅಕ್ಕಪಕ್ಕದಲ್ಲೇ ಇದ್ದಿದ್ದು ದೊಡ್ಡ ಸಮಸ್ಯೆ ಆಯ್ತು. 1980ರಲ್ಲಿ ಅಮೆರಿಕ ರೂಲ್ ಮಾಡ್ತು, ಈ ಎರಡನ್ನ ದೂರ ಇಡಿ, ಮಧ್ಯೆ ಬೆಂಕಿ ತಡೆಯೋ ಗೋಡೆ ಇರ್ಲಿ ಅಂತ. ನಮ್ಮ ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರ ಬೆಳಗಿನ ಜಾವ ಟರ್ಬೈನ್ ಬ್ಲೇಡ್ ಮುರಿದು, ಜನರೇಟರ್ ತಂಪು ಮಾಡೋ ಹೈಡ್ರೋಜನ್ ಹೊರಗೆ ಬಂದು ಬೆಂಕಿ ಬಿತ್ತು. ಕೇಬಲ್ಲುಗಳು ಅಲ್ಲೂ ಒಟ್ಟಿಗೇ ಇದ್ವು, ಅಲ್ಲೂ ಒಟ್ಟಿಗೇ ಸುಟ್ವು. ಹದಿನೇಳು ಗಂಟೆ ಸ್ಥಾವರಕ್ಕೆ ಕರೆಂಟಿಲ್ಲ! ಕಂಟ್ರೋಲ್ ರೂಮ್ ತುಂಬಾ ಹೊಗೆ, ರಿಯಾಕ್ಟರನ್ನ ನಿಲ್ಲಿಸಾಗಿತ್ತು ಆದ್ರೆ ಅದು ಮತ್ತೆ ಕೆರಳದ ಹಾಗೆ ನೋಡ್ಕೋಬೇಕಲ್ಲ, ಆಪರೇಟರುಗಳು ಬ್ಯಾಟರಿ ಹಿಡ್ಕೊಂಡು ಕತ್ತಲಲ್ಲಿ ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ ಕೈಯಲ್ಲೇ ವಾಲ್ವ್ ತಿರುಗಿಸಿ ಅಣು ಕ್ರಿಯೆ ತಡೆಯೋ ಬೋರಾನ್ ಬಿಟ್ರು, ಬೆಂಕಿ ಆರಿಸೋ ಡೀಸೆಲ್ ಪಂಪಿಂದ ತಂಪು ಮಾಡೋಕೆ ನೀರು ಕೊಟ್ರು. ಆ ಜನ ಯಾರು ಏನು ಅಂತ ನಮ್ಮ ಸ್ಕೂಲ್ ಪುಸ್ತಕದಲ್ಲಿ ಇಲ್ಲ, ಇರ್ಬೇಕಿತ್ತು.

ಅದಾದ ಮೇಲೆ ಬ್ಲೇಡಿನ ಡಿಸೈನ್ ಬದಲಾಯ್ತು, ಕೇಬಲ್ ಬೇರೆ ಬೇರೆ ಮಾಡಿದ್ರು, ಬೆಂಕಿ ತಡೆ ಹಾಕಿದ್ರು, ಎಲ್ಲಾ ಸರಿ. ಆದ್ರೆ ಅಲಬಾಮಾ ಪಾಠ ಹದಿನೆಂಟು ವರ್ಷ ನರೋರಾಗೆ ತಲುಪದೇ ಇದ್ದಿದ್ದು ಯಾಕೆ ಅನ್ನೋ ಕಾಲಂ ಯಾರು ತುಂಬಿದ್ರು?

ಮತ್ತೆ ಕೈಗಾಗೆ ಬರ್ತೀನಿ, ಯಾಕಂದ್ರೆ 2009ರ ನವೆಂಬರ್ ನೆನಪಿರೋರು ಕಮ್ಮಿ. ಒಂದನೇ ಘಟಕದ ಹತ್ರ ಕುಡಿಯೋ ನೀರಿನ ಕೂಲರ್. ಅಲ್ಲಿ ಕೆಲಸ ಮಾಡೋರು ರೊಟೀನಾಗಿ ಮೂತ್ರದ ಸ್ಯಾಂಪಲ್ ಕೊಡ್ಬೇಕು, ಆ ಸ್ಯಾಂಪಲ್‌ನಲ್ಲಿ ಟ್ರಿಷಿಯಂ, ಅಂದ್ರೆ ವಿಕಿರಣ ಸೂಸೋ ಒಂದು ಥರ ಹೈಡ್ರೋಜನ್, ಜಾಸ್ತಿ ಕಾಣಿಸ್ತು, 50ಕ್ಕೂ ಹೆಚ್ಚು ಜನಕ್ಕೆ. ಹುಡುಕ್ತಾ ಹೋದ್ರೆ ಕೂಲರ್ ನೀರಲ್ಲಿ ರಿಯಾಕ್ಟರಲ್ಲಿ ಬಳಸೋ, ಟ್ರಿಷಿಯಂ ಇರೋ ಭಾರಜಲ ಬೆರೆತಿದೆ, ಯಾರೋ ಬೇಕು ಅಂತಲೇ ಸೇರ್ಸಿದಾರೆ. ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವ್ರೇ ಇದು ಒಳಗಿನೋರ ಕಿಡಿಗೇಡಿತನ ಅನ್ನೋ ಅರ್ಥದಲ್ಲಿ ಹೇಳಿದ್ರು. ಟ್ರಿಷಿಯಂ ಮೈಯಿಂದ ಅರ್ಧ ಹೊರಗೆ ಹೋಗಕ್ಕೆ ಸುಮಾರು ಹತ್ತು ದಿನ ಬೇಕು, ಜಾಸ್ತಿ ನೀರು ಕುಡಿದ್ರೆ ಬೇಗ ಹೋಗತ್ತೆ, ಹಾಗಾಗಿ ಆಸ್ಪತ್ರೇಲಿ ಮೂತ್ರ ಜಾಸ್ತಿ ಬರೋ ಔಷಧಿ ಕೊಟ್ರು.

ನನ್ನ ಅಕ್ಕನ ಮಗ ಒಬ್ಬ ದೇಶದ ಇನ್ನೊಂದು ಕಡೆ ಇಂಥದ್ದೇ ಸ್ಥಾವರದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಫಿಟ್ಟರ್ ಆಗಿದ್ದ. ದೀಪಾವಳಿಗೆ ಬಂದಾಗ ಅವನನ್ನ ಕೇಳ್ದೆ, ಅಲ್ಲಪ್ಪಾ ನೀನು ನೀರು ಕುಡಿಯಕ್ಕೆ ಹೆದರಲ್ವಾ ಅಂತ. ಅವನು ನಗ್ತಾ, ಮಾಮ, ನೀರಿಗಲ್ಲ ನಾನು ಹೆದರೋದು, ಎದೆ ಮೇಲೆ ವಿಕಿರಣ ಅಳೆಯೋ ಬ್ಯಾಡ್ಜ್ ಇರತ್ತಲ್ಲ, ಅದರಲ್ಲಿ ಡೋಸ್ ಜಾಸ್ತಿ ಬಂದ್ರೆ ಆ ಕಡೆ ಕೆಲಸಕ್ಕೆ ಬಿಡಲ್ಲ, ಪರ್ಮನೆಂಟ್ ಇರೋರಿಗೆ ಬೇರೆ ಕೆಲಸ ಕೊಡ್ತಾರೆ, ನಮಗೆ ಗೇಟ್ ಪಾಸೇ ರಿನ್ಯೂ ಆಗಲ್ಲ, ಅದಕ್ಕೆ ಹೆದರ್ತೀನಿ ಅಂದ. ಇದನ್ನ ಕೇಳಿ ನನಗೆ ಸೈಕಲ್ ಟ್ಯೂಬೇ ಕಣ್ಮುಂದೆ ಬಂತು. ಮೈಗೆ ತಗಲೋ ವಿಕಿರಣ ವರ್ಷಕ್ಕೆ 30 ಮಿಲಿಸೀವರ್ಟ್ (ಅದನ್ನ ಅಳೆಯೋ ಲೆಕ್ಕ) ದಾಟಬಾರದು ಅಂತ ಎಇಆರ್‌ಬಿ ರೂಲ್ ಇದೆ, ರೂಲ್ ಒಳ್ಳೇದೇ. ಆದ್ರೆ ರೂಲ್ ಪಾಲಿಸಿದ್ರೆ ಊಟಕ್ಕೆ ಕಲ್ಲು ಬೀಳತ್ತೆ ಅಂದಾಗ ಮನುಷ್ಯ ಬ್ಯಾಡ್ಜನ್ನ ಲಾಕರಲ್ಲಿ ಬಿಟ್ಟು ಹೋಗೋದು ಯಾವ ದೊಡ್ಡ ಮಾತು? ಅವನು ಹಾಗೆ ಮಾಡ್ದ ಅಂತ ಹೇಳ್ತಿಲ್ಲ ಮತ್ತೆ, ಅಕ್ಕ ನನ್ನ ಬೈತಾಳೆ.

ಇನ್ನು ಸರಿಪಡಿಸಿದಾರಾ ಅಂತ ನೋಡ್ಬೇಕಾದೋರು ಯಾರು? ನಮ್ಮ ಫ್ಯಾಕ್ಟರೀಲಿ ಕ್ವಾಲಿಟಿ ಮ್ಯಾನೇಜರ್ ಪ್ರೊಡಕ್ಷನ್ ಮ್ಯಾನೇಜರ್ ಕೆಳಗೆ ಇದ್ರು, ಅಪ್ರೈಸಲ್ ಬರೀತಿದ್ದಿದ್ದು ಅವ್ರೇ, ಹೀಗಿದ್ದಾಗ ಲೈನ್ ನಿಲ್ಸಿ ಅಂತ ಯಾವ ಬಾಯಲ್ಲಿ ಹೇಳ್ತಾರೆ. 1983ರಲ್ಲಿ ಶುರುವಾದ ಎಇಆರ್‌ಬಿಯ ಕತೇನೂ ಬಹಳ ವರ್ಷ ಹೀಗೇ ಇತ್ತು, ಅದು ವರದಿ ಒಪ್ಪಿಸ್ಬೇಕಾಗಿದ್ದು ಅಣುಶಕ್ತಿ ಆಯೋಗಕ್ಕೆ, ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆ ಕಾರ್ಯದರ್ಶಿ, ಸ್ಥಾವರ ನಡೆಸೋ ಎನ್‌ಪಿಸಿಐಎಲ್ ಕೂಡ ಅದೇ ಇಲಾಖೇದು. 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿ ಬಂತು, ಅದರಲ್ಲಿ ಈ ಮಂಡಳಿಗೆ ಸ್ವತಂತ್ರ ಅಧಿಕಾರ ಇಲ್ಲ ಅಂತ ನೇರವಾಗಿ ಬರ್ದಿದ್ರು. ಇನ್ನೊಂದು ಮಾತೂ ಇತ್ತು, ವಿಕಿರಣ ಸುರಕ್ಷತೆ ನಿಯಮ ಮುರಿದ್ರೆ ಆಗ ದಂಡ ಎಷ್ಟಿತ್ತು ಗೊತ್ತಾ? 500 ರೂಪಾಯಿ. ಬೆಂಗಳೂರಲ್ಲಿ ಹೆಲ್ಮೆಟ್ ಇಲ್ದೆ ಗಾಡಿ ಓಡ್ಸಿದ್ರೂ 500 ರೂಪಾಯಿ. ನಮ್ಮ ಟ್ರಾಫಿಕ್ ದಂಡಕ್ಕೆ ಆಗಾಗ ಫಿಫ್ಟಿ ಪರ್ಸೆಂಟ್ ರಿಯಾಯಿತಿ ಬೇರೆ ಬಿಡ್ತಾರೆ, ಪುಣ್ಯಕ್ಕೆ ಅಲ್ಲಿಗೆ ಅದು ಬಂದ ಹಾಗಿಲ್ಲ.

ಅದಕ್ಕಿಂತ ಮುಂಚೆ ನಡೆದಿದ್ದು ಇನ್ನೂ ಇದೆ. ನರೋರಾ ಬೆಂಕಿ ಆದ ವರ್ಷ ಎಇಆರ್‌ಬಿ ಅಧ್ಯಕ್ಷರಾಗಿ ಬಂದ ಎ. ಗೋಪಾಲಕೃಷ್ಣನ್ ದೇಶದ ಎಲ್ಲಾ ಅಣು ಘಟಕಗಳನ್ನ ನೋಡಿ ಸರಿ ಮಾಡ್ಬೇಕಾದ್ದು ಇಷ್ಟಿದೆ ಅಂತ 1995ರಲ್ಲಿ ಪಟ್ಟಿ ಮಾಡಿಸಿದ್ರು, 130ರಷ್ಟು ಅಂಶ ಇತ್ತು ಅದರಲ್ಲಿ. ಆ ಪಟ್ಟಿ ತೋರ್ಸಿ ಅಂತ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನೋರು ಕೋರ್ಟಿಗೆ ಹೋದ್ರೆ ಸರ್ಕಾರ 1962ರ ಅಣುಶಕ್ತಿ ಕಾಯ್ದೆ 18ನೇ ಸೆಕ್ಷನ್ ತೋರ್ಸಿ ಇದು ಗುಟ್ಟು ಅಂತು, 2004ರಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಪರ ಹೇಳ್ತು. ಬಾಂಬಿನ ವಿಷ್ಯ ಗುಟ್ಟಾಗಿರಲಿ ಸ್ವಾಮಿ, ಯಾರು ಬೇಡ ಅಂದ್ರು. ಕೇಬಲ್ಲು, ವಾಲ್ವು, ಬೆಂಕಿ ಆರಿಸೋ ಪಂಪು ಇವೆಲ್ಲಾ ಶತ್ರು ದೇಶಕ್ಕೆ ಗೊತ್ತಾಗಿ ಏನಾಗ್ಬೇಕು, ಗೊತ್ತಾಗ್ಬೇಕಾದ್ದು ಕೈಗಾ ಪಕ್ಕದ ಮಲ್ಲಾಪುರ, ಕದ್ರಾದಲ್ಲಿ ಇರೋ ಜನಕ್ಕೆ.

2025ರ ಡಿಸೆಂಬರಲ್ಲಿ ಪಾರ್ಲಿಮೆಂಟಲ್ಲಿ ಹೊಸ ಕಾನೂನು ಪಾಸಾಯ್ತಲ್ಲ, ಶಾಂತಿ ಕಾಯ್ದೆ ಅಂತ, 1962ರದ್ದು ಹೋಯ್ತು, ಪ್ರೈವೇಟ್ ಕಂಪನಿಗಳಿಗೂ ಬಾಗಿಲು ತೆಗೀತು, ಎಇಆರ್‌ಬಿಗೆ ಕೊನೆಗೂ ಕಾನೂನಿನ ಸ್ಥಾನ ಕೊಟ್ರು. ಒಳ್ಳೇದೇ ಆಗ್ಲಿ. ಆದ್ರೆ ಪ್ರೈವೇಟ್ ಬರತ್ತೆ ಅಂದ್ರೆ ಟಾರ್ಗೆಟ್ಟೂ ಬರತ್ತೆ, ಟಾರ್ಗೆಟ್ ಬಂದ ಕಡೆ ಟ್ಯೂಬ್ ಬರತ್ತೆ, ಅದನ್ನ ನಾನು ಕಣ್ಣಾರೆ ನೋಡಿದೀನಿ. ಸರ್ಕಾರಿ ಕಡೆ ಬರಲ್ಲ ಅಂತಲ್ಲ, ಅಲ್ಲಿ ಟಾರ್ಗೆಟ್ಟಿಗೆ ಬೇರೆ ಹೆಸರು ಇರತ್ತೆ ಅಷ್ಟೆ.

ಜಪಾನಿನಲ್ಲಿ ಅಣು ಸ್ಥಾವರ ನಡೆಸೋ ಟೆಪ್ಕೋ ಕಂಪನಿ ಕತೆ ಈ ವಿಷ್ಯದಲ್ಲಿ ನನಗೆ ತುಂಬಾ ಕಾಡಿದ್ದು. 2002ರಲ್ಲಿ ಅವರ ಇನ್‌ಸ್ಪೆಕ್ಷನ್ ದಾಖಲೆ ಸುಳ್ಳು ಅಂತ ಬಯಲಾಗಿ ಪ್ರೆಸಿಡೆಂಟ್ ರಾಜೀನಾಮೆ ಕೊಟ್ರು, 17 ರಿಯಾಕ್ಟರನ್ನೂ ನಿಲ್ಲಿಸ್ಬೇಕಾಯ್ತು. 2007ರ ಜುಲೈನಲ್ಲಿ ಅವರದ್ದೇ ಕಾಶಿವಾಜಾಕಿ ಕರೀವಾ ಸ್ಥಾವರದಲ್ಲಿ ಭೂಕಂಪ ಆಯ್ತು, ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿತ್ತು, ಫೈರ್ ಬ್ರಿಗೇಡ್‌ಗೆ ಫೋನ್ ಮಾಡೋ ಹಾಟ್‌ಲೈನ್ ಇದ್ದ ರೂಮಿನ ಬಾಗಿಲು ಸೊಟ್ಟಗಾಗಿ ತೆಗೆಯಕ್ಕೇ ಬರ್ಲಿಲ್ಲ. ಒಂದು ಬಾಗಿಲು ನೋಡಿ! ಅದರಿಂದ ಪಾಠ ಕಲ್ತು ಭೂಕಂಪಕ್ಕೆ ಅಲ್ಲಾಡದ ತುರ್ತು ಕಟ್ಟಡ ಕಟ್ಟಿದ್ರು, ಅಲ್ಲಿಗೆ ಮಾತ್ರ ಅಲ್ಲ ಫುಕುಶಿಮಾದಲ್ಲೂ ಕಟ್ಟಿದ್ರು, ನಾನು ಆಗ್ಲೇ ಹೇಳಿದ್ನಲ್ಲ ಸಾಲಲ್ಲಿರೋ ಬಾಕಿ ಮೆಷಿನ್ನೂ ನೋಡು ಅಂತ, ಹಾಗೆ. ಫುಕುಶಿಮಾದ ಕಟ್ಟಡ ಮುಗಿದಿದ್ದು 2010ರ ಜುಲೈ. ಎಂಟು ತಿಂಗಳಿಗೆ ಸುನಾಮಿ ಬಂತು. ಸ್ಥಾವರದ ಮುಖ್ಯಸ್ಥ ಯೋಶಿದಾ ಮತ್ತವರ ಜನ ಆ ಕಟ್ಟಡದಲ್ಲೇ ಕೂತು ಆ ದಿನಗಳನ್ನ ಎದುರಿಸಿದ್ರು, ಅದಿಲ್ದೇ ಇದ್ದಿದ್ರೆ ಅಲ್ಲಿ ನಿಲ್ಲೋಕೇ ಆಗ್ತಿರ್ಲಿಲ್ಲ. ಇದೇ ಕಂಪನಿ 2008ರಲ್ಲಿ ತಾನೇ ಲೆಕ್ಕ ಹಾಕ್ಸಿತ್ತು, ಸುನಾಮಿ 15.7 ಮೀಟರ್ ತನಕ ಬರಬಹುದು ಅಂತ. ಆ ಕಾಗದ ಇನ್ನೂ ಸ್ಟಡಿ ಮಾಡೋಣ ಅಂತ ಫೈಲಿಗೆ ಹೋಯ್ತು, ಸಮುದ್ರದ ಕಡೆಯ ತಡೆಗೋಡೆ ಎತ್ತರ ಆಗ್ಲಿಲ್ಲ. ಒಂದೇ ಕಂಪನಿ, ಅದೇ ಎರಡು ಮೂರು ವರ್ಷ, ಒಂದು ಎನ್‌ಸಿ ನಿಜವಾಗಿ ಕ್ಲೋಸ್ ಮಾಡಿದ್ರು ಇನ್ನೊಂದನ್ನ ಪೆಂಡಿಂಗ್ ಇಟ್ರು.

ಮುಗೀತಾ ಅಂದ್ರೆ ಇಲ್ಲ. 2020ರ ಸೆಪ್ಟೆಂಬರಲ್ಲಿ ಕಾಶಿವಾಜಾಕಿ ಕರೀವಾದಲ್ಲಿ ಒಬ್ಬ ನೌಕರ ಸಹೋದ್ಯೋಗಿಯ ಐಡಿ ಕಾರ್ಡ್ ಹಾಕ್ಕೊಂಡು ಕಂಟ್ರೋಲ್ ರೂಮಿಗೇ ಹೋಗ್ಬಿಟ್ಟ. ನಮ್ಮ ವೈಟ್‌ಫೀಲ್ಡ್ ಟೆಕ್ ಪಾರ್ಕಿನ ಹುಡುಗರು ಇದನ್ನ ಕೇಳಿದ್ರೆ ನಗ್ತಾರೆ, ಕಾರ್ಡ್ ಮರೆತು ಬಂದಾಗ ಮುಂದಿನೋನ ಹಿಂದೆ ತೂರ್ಕೊಂಡು ಹೋಗೋದು ಅವ್ರಿಗೆ ದಿನಾ ಅಭ್ಯಾಸ. ಅಲ್ಲಿ ನಗ್ಲಿಲ್ಲ. ಜಪಾನಿನ ನಿಯಂತ್ರಣ ಸಂಸ್ಥೆ 2021ರ ಏಪ್ರಿಲಲ್ಲಿ ಆದೇಶ ಮಾಡ್ತು, ನೀವು ರಿಯಾಕ್ಟರಿಗೆ ಇಂಧನ ಹಾಕೋ ಹಾಗಿಲ್ಲ ಅಂತ, ಅಂದ್ರೆ ಸ್ಥಾವರ ಶುರು ಮಾಡೋ ಹಾಗೇ ಇಲ್ಲ. ಕಂಪನಿ ಸರಿ ಮಾಡಿದ್ವಿ ಅಂದ್ರೂ ಒಪ್ಪದೆ ಮತ್ತೆ ಮತ್ತೆ ಹೋಗಿ ನೋಡಿ 2023ರ ಡಿಸೆಂಬರ್ ಕೊನೇಲಿ ಆ ತಡೆ ತೆಗೆದ್ರು. ಒಂದು ಐಡಿ ಕಾರ್ಡಿನಿಂದ ಶುರುವಾಗಿದ್ದಕ್ಕೆ ಎರಡೂವರೆ ವರ್ಷ. ನಮ್ಮಲ್ಲಾಗಿದ್ರೆ ಎಚ್‌ಆರ್‌ನಿಂದ ಒಂದು ವಾರ್ನಿಂಗ್ ಮೇಲ್ ಬಂದಿರೋದು.

ನಮ್ಮಲ್ಲಿ ಮೊದಲ ದಿನದ ರಿಯಾಕ್ಷನ್ನೇ ಬೇರೆ. 2019ರ ಅಕ್ಟೋಬರ್ 29ಕ್ಕೆ ತಮಿಳುನಾಡಿನ ಕೂಡಂಕುಳಂ ಸ್ಥಾವರದಲ್ಲಿ ಕಂಪ್ಯೂಟರ್ ವೈರಸ್ ಸುದ್ದಿ ಎಲ್ಲಾ ಸುಳ್ಳು ಅಂತ ಹೇಳಿಕೆ ಬಂತು, ಮಾರನೇ ದಿನ ಎನ್‌ಪಿಸಿಐಎಲ್ಲೇ ಹೌದು, ಆಡಳಿತ ವಿಭಾಗದ ನೆಟ್‌ವರ್ಕಿಗೆ ಸೇರಿದ ಒಂದು ಪಿಸೀಲಿ ಇತ್ತು, ಸ್ಥಾವರ ನಡೆಸೋ ಸಿಸ್ಟಮಿಗೆ ಏನೂ ಆಗಿಲ್ಲ ಅಂತು. ಏನೂ ಆಗಿಲ್ಲ ಅನ್ನೋದನ್ನ ನಾನು ನಂಬ್ತೀನಿ, ಆದ್ರೆ ಹಿಂದಿನ ದಿನ ಸುಳ್ಳು ಅಂದಿದ್ದು ಯಾಕೆ? ತಪ್ಪನ್ನ ತಪ್ಪು ಅಂತ ಒಪ್ಕೊಳ್ಳೋಕೆ ಒಂದು ದಿನ ಬೇಕಾದೋರು ಅದರ ಬೇರು ಹುಡುಕೋಕೆ ಎಷ್ಟು ದಿನ ತಗೊಳ್ತಾರೋ.

ಕೈಗಾ ಐದು, ಆರನೇ ಘಟಕ ಬರ್ತಾ ಇದೆ, ಒಂದೊಂದು 700 ಮೆಗಾವಾಟು, 2025ರ ಏಪ್ರಿಲಲ್ಲಿ 12,800 ಕೋಟಿ ರೂಪಾಯಿ ಕಾಂಟ್ರ್ಯಾಕ್ಟ್ ಕೂಡ ಕೊಟ್ಟಿದಾರೆ. ಬೇಡ ಅಂತ ನಾನು ಹೇಳಲ್ಲ. ಬೇಸಿಗೇಲಿ ಎರಡು ಗಂಟೆ ಕರೆಂಟ್ ಹೋದ್ರೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಬೆಸ್ಕಾಂನೋರ ಜನ್ಮ ಜಾಲಾಡೋರು ನಾವೇ, ಕರೆಂಟು ಬೇಕು ಸ್ಥಾವರ ಕಾರವಾರದಲ್ಲಿರಲಿ ಭಯ ಅವ್ರು ಪಡಲಿ ಅನ್ನೋದು ಬೆಂಗಳೂರಿನೋರಿಗೆ ಶೋಭೆ ಅಲ್ಲ.

ನಾನು ಕೇಳೋದು ಕಮ್ಮೀನೇ. ಎಇಆರ್‌ಬಿ ವಾರ್ಷಿಕ ವರದಿ ಇಂಗ್ಲಿಷಲ್ಲಿ, ಹಿಂದೀಲಿ ಬರತ್ತೆ, ಅದರಲ್ಲಿ ಆ ವರ್ಷದ ಘಟನೆಗಳು ಇಷ್ಟಿಷ್ಟು ಅಂತ ಇರತ್ತೆ. ಅಮೆರಿಕದ ಎನ್‌ಆರ್‌ಸಿ ಒಂದೊಂದು ಸ್ಥಾವರದ ತನಿಖಾ ವರದೀನ ಮೂರು ತಿಂಗಳಿಗೊಮ್ಮೆ ಹೊರಗೆ ಹಾಕತ್ತೆ, ಏನಾದ್ರೂ ಆದ್ರೆ ಆ ಸುದ್ದಿ ದಿನಾ ಹಾಕತ್ತೆ. ಕೈಗಾದ್ದೂ ಹಾಗೇ ಬರಲಿ, ಕನ್ನಡದಲ್ಲಿ ಬರಲಿ. ತಪ್ಪು ಏನಿತ್ತು, ಬೇರು ಎಲ್ಲಿತ್ತು, ಏನು ಬದಲಾಯ್ಸಿದ್ರು, ಬಾಕಿ ಸ್ಥಾವರಗಳಲ್ಲೂ ನೋಡಿದ್ರಾ. ಕಾರಣದ ಕಾಲಂನಲ್ಲಿ ಬರೀ ಆಪರೇಟರ್ ತಪ್ಪು ಅಂತ ಇದ್ರೆ ಆ ಫಾರಂನ ವಾಪಸ್ ಕಳ್ಸಿ. ಇದನ್ನ ನಾನು ಸೈನ್ ಹಾಕೋ ಟೈಮಲ್ಲಿ ಮಾಡ್ಬೇಕಿತ್ತು ಮಾಡ್ಲಿಲ್ಲ, ಅದಕ್ಕೇ ಹೇಳ್ತಿದೀನಿ. ಮತ್ತೆ ತಪ್ಪನ್ನ ತೋರ್ಸಿಕೊಟ್ಟ ಕಾಂಟ್ರ್ಯಾಕ್ಟ್ ಕೆಲಸಗಾರನ ಗೇಟ್ ಪಾಸ್ ಆ ವರ್ಷ ರಿನ್ಯೂ ಆಯ್ತಾ ಅನ್ನೋದನ್ನೂ ಯಾರಾದ್ರೂ ಹೊರಗಿನೋರು ನೋಡ್ಲಿ.

ನಿಮ್ಮ ಕೈಲಿ ಆಗೋದೂ ಒಂದಿದೆ. ಮುಂದೆ ಯಾವಾಗ ಕ್ರಮ ಕೈಗೊಳ್ಳಲಾಗಿದೆ ಅನ್ನೋ ಸಾಲು ಪ್ರಿಂಟ್ ಮಾಡ್ತೀರೋ ಆವತ್ತೇ ಕ್ಯಾಲೆಂಡರಲ್ಲಿ ಆರು ತಿಂಗಳು ಮುಂದಿನ ತಾರೀಕಿಗೆ ಒಂದು ಗುರುತು ಹಾಕ್ಕೊಳ್ಳಿ. ನಮ್ಮಲ್ಲಿ ಟ್ಯೂಬ್ ವಾಪಸ್ ಬರಕ್ಕೆ ಮೂರು ತಿಂಗಳು ಸಾಕಾಗಿತ್ತು, ನಾನು ನಿಮಗೆ ಡಬಲ್ ಟೈಮ್ ಕೊಡ್ತಾ ಇದೀನಿ. ಆ ದಿನ ನಿಮ್ಮ ಕಾರವಾರದ ವರದಿಗಾರರಿಗೆ ಫೋನ್ ಮಾಡಿ ಹೋಗಿ ಕೇಳ್ಕೊಂಡು ಬನ್ನಿ ಅನ್ನಿ, ಏನು ಉತ್ತರ ಬಂತೋ ಅದನ್ನ ಹಾಕಿ, ಉತ್ತರ ಬರ್ದೇ ಇದ್ರೆ ಬರ್ಲಿಲ್ಲ ಅಂತ ಹಾಕಿ. ಒಳಗಿನ ಪುಟದಲ್ಲಿ ನಾಲ್ಕು ಸಾಲು ಸಾಕು, ನಾನು ಹುಡುಕ್ಕೊಂಡು ಓದ್ತೀನಿ.

ಇಂತಿ ನಿಮ್ಮ ಓದುಗ,
ರಿಟೈರ್ಡ್ ಕ್ವಾಲಿಟಿ ಇನ್‌ಸ್ಪೆಕ್ಟರ್,
ರಾಜಾಜಿನಗರ, ಬೆಂಗಳೂರು